ಬರ್ಲಿನ್ ಕೆಂಪಾಗಿದ್ದರೆ? 1918–19ರ ಜರ್ಮನಿಯನ್ನಿಟ್ಟುಕೊಂಡು ಪರ್ಯಾಯ ಇತಿಹಾಸ ಕಟ್ಟುವ ಬಗೆ

1919ರ ಜನವರಿ 6. ಬರ್ಲಿನ್‌ನಲ್ಲಿ ಕೊರೆಯುವ ಚಳಿ. ಲಕ್ಷಾಂತರ ಕಾರ್ಮಿಕರು ಬೀದಿಯಲ್ಲಿ ನಿಂತಿದ್ದಾರೆ. ಎಷ್ಟೋ ಜನರ ಹೆಗಲಲ್ಲಿ ಬಂದೂಕಿದೆ. ಒಳಗೆ ನಾಯಕರು ಕೂತು ಚರ್ಚೆ ಮಾಡುತ್ತಿದ್ದಾರೆ. ಬೆಳಿಗ್ಗೆ ಹೋಗಿ ಮಧ್ಯಾಹ್ನವಾಯಿತು, ಮಧ್ಯಾಹ್ನ ಹೋಗಿ ಕತ್ತಲಾಯಿತು. ಮುಂದೇನು ಅಂತ ಹೇಳುವವರು ಯಾರೂ ಬರಲಿಲ್ಲ. ಜನ ಹಸಿದುಕೊಂಡು ಮನೆಗೆ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂಬತ್ತೇ ದಿನದಲ್ಲಿ ಕಮ್ಯುನಿಸ್ಟ್ ನಾಯಕರಾದ ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಇಬ್ಬರನ್ನೂ ಸೈನಿಕರು ಕೊಂದರು.

ಸರ್ಕಾರದ ಪರವಾಗಿ ಆ ದಂಗೆಯನ್ನು ಅಡಗಿಸಿದ ಗುಸ್ತಾವ್ ನೋಸ್ಕೆ ಅವರೇ ಮುಂದೆ ಇದರ ಬಗ್ಗೆ ಬರೆದಿದ್ದಾರೆ. ಆ ಗುಂಪಿಗೆ ಗುರಿ ಗೊತ್ತಿದ್ದ ನಾಯಕರು ಇದ್ದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬರ್ಲಿನ್ ಅವರ ಕೈಯಲ್ಲಿರುತ್ತಿತ್ತು ಎನ್ನುವುದು ಅವರ ಮಾತಿನ ಸಾರ. ಇದನ್ನು ಓದಿದ ಯಾರಿಗಾದರೂ "ಹಾಗಾಗಿದ್ದರೆ?" ಅಂತ ಅನ್ನಿಸದೆ ಇರುವುದಿಲ್ಲ. ಕೈಗಾರಿಕೆ ಬೆಳೆದ ದೊಡ್ಡ ದೇಶವೊಂದರಲ್ಲಿ ಕಮ್ಯುನಿಸ್ಟ್ ಕ್ರಾಂತಿ ಗೆದ್ದಿದ್ದರೆ ಜಗತ್ತು ಹೇಗಿರುತ್ತಿತ್ತು? ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ ಇದು. ಇಂಥ ಕಥೆ ಬರೆಯಲು ಹೊರಟವರಿಗೆ ಹೆಜ್ಜೆ ಹೆಜ್ಜೆಯಾಗಿ ಒಂದು ದಾರಿ ತೋರಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆ ಪೂರ್ತಿ ಜರ್ಮನಿಯದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಹಳ ಜನ ತಮ್ಮ ಕಥೆಯನ್ನು ಈ ಜನವರಿ 6ರಿಂದಲೇ ಶುರು ಮಾಡುತ್ತಾರೆ. ಅದು ತಪ್ಪು ಜಾಗ. ಯಾಕೆ ಅನ್ನುವುದು ನಾಲ್ಕನೇ ಹೆಜ್ಜೆಗೆ ಬರುವಷ್ಟರಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 1: ದೇಶವನ್ನು ಪರೀಕ್ಷೆ ಮಾಡಿ ಆರಿಸಿ

ಮಾರ್ಕ್ಸ್ ಕಾಲದಿಂದಲೂ ಸಮಾಜವಾದಿಗಳು ಕ್ರಾಂತಿ ಮೊದಲು ಕಾರ್ಖಾನೆಗಳ ದೇಶದಲ್ಲಿ ಆಗುತ್ತದೆ ಅಂತ ಕಾದಿದ್ದರು. ಆದದ್ದು ರೈತರೇ ತುಂಬಿದ್ದ ರಷ್ಯಾದಲ್ಲಿ. ಆಮೇಲೆ ಚೀನಾ, ವಿಯೆಟ್ನಾಂ, ಕ್ಯೂಬಾ. ಹಾಗಾಗಿ ನಿಮ್ಮ ಕಥೆ ಇತಿಹಾಸದಲ್ಲಿ ಒಮ್ಮೆಯೂ ಆಗದ ಸಂಗತಿಯ ಬಗ್ಗೆ. ದೇಶ ಆರಿಸುವಾಗ ಮೂರು ಪ್ರಶ್ನೆ ಕೇಳಿ. ಅಲ್ಲಿ ಸೈನ್ಯ ಒಡೆಯಿತಾ? ಸರ್ಕಾರ ನಿಜವಾಗಿ ಕುಸಿಯಿತಾ? ಕಾರ್ಮಿಕರ ಹತ್ತಿರ ಆಳುವುದಕ್ಕೆ ತಮ್ಮದೇ ಆದ ಸಂಸ್ಥೆ ಇತ್ತಾ?

1919ರ ಜನವರಿ 31ರಂದು ಗ್ಲಾಸ್ಗೋದ ಜಾರ್ಜ್ ಸ್ಕ್ವೇರ್‌ನಲ್ಲಿ ಪೊಲೀಸರಿಗೂ ಮುಷ್ಕರ ನಿರತರಿಗೂ ಹೊಡೆದಾಟವಾಯಿತು. ಆದರೆ ಬ್ರಿಟನ್ ಯುದ್ಧ ಗೆದ್ದಿತ್ತು. ಸೈನ್ಯ, ಪಾರ್ಲಿಮೆಂಟು ಎರಡೂ ಗಟ್ಟಿ ಇದ್ದವು. 1920ರ ಸೆಪ್ಟೆಂಬರಿನಲ್ಲಿ ಇಟಲಿಯ ಕಾರ್ಮಿಕರು ಟುರಿನ್, ಮಿಲಾನ್ ಕಾರ್ಖಾನೆಗಳನ್ನೇ ಹಿಡಿದು ಕೂತರು. ಪ್ರಧಾನಿ ಜೊಲಿಟ್ಟಿ ಸುಮ್ನೆ ಕಾದರು, ಚಳವಳಿ ದಣಿಯಿತು. 1968ರ ಫ್ರಾನ್ಸ್‌ನಲ್ಲಿ ಕೋಟಿಯಷ್ಟು ಜನ ಕೆಲಸ ನಿಲ್ಲಿಸಿದರು. ಸೈನ್ಯ ಮಾತ್ರ ಅಧ್ಯಕ್ಷ ದ ಗಾಲ್ ಕಡೆಗೇ ಇತ್ತು. ಮರು ತಿಂಗಳ ಚುನಾವಣೆಯಲ್ಲಿ ಅವರ ಪಕ್ಷ ಭಾರಿ ಬಹುಮತ ಪಡೆಯಿತು.

ಮೂರು ಪ್ರಶ್ನೆಗೂ "ಹೌದು" ಅನ್ನುವ ಉತ್ತರ ಸಿಗುವುದು 1918ರ ನವೆಂಬರಿನ ಜರ್ಮನಿಯಲ್ಲಿ. ಹಾಗಾಗಿ ಅಲ್ಲಿಗೇ ಹೋಗೋಣ.

ಹೆಜ್ಜೆ 2: ನಡೆದದ್ದನ್ನು ದಿನದ ಲೆಕ್ಕದಲ್ಲಿ ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ತಾರೀಕು, ನಡುವೆ ನಡೆದದ್ದು, ಬಲಗಡೆ "ಆ ದಿನ ಯಾರಿಗೆ ಏನು ಗೊತ್ತಿತ್ತು" ಅಂತ ಮೂರನೇ ಕಾಲಂ. ಈ ಮೂರನೆಯದು ಬಹಳ ಮುಖ್ಯ. ಮುಂದೆ ಏನಾಯಿತು ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಹಿಟ್ಲರ್ ಅನ್ನುವ ಹೆಸರನ್ನು ಬರ್ಲಿನ್‌ನಲ್ಲಿ ಯಾರೂ ಕೇಳಿರಲಿಲ್ಲ. ಆತ ಆಗ ಒಬ್ಬ ಸಾಮಾನ್ಯ ಸೈನಿಕ.

ನನ್ನ ನೋಟ್‌ಬುಕ್ಕಿನ ಸಾಲುಗಳು ಹೀಗೆ ಹೋಗುತ್ತವೆ. 1918ರ ಸೆಪ್ಟೆಂಬರ್ 29ಕ್ಕೆ ಸೇನಾನಿ ಲುಡೆನ್‌ಡಾರ್ಫ್ ಕದನವಿರಾಮ ಕೇಳಲೇಬೇಕು ಅಂತ ಸರ್ಕಾರಕ್ಕೆ ಹೇಳುತ್ತಾರೆ. ಅಕ್ಟೋಬರ್ ಕೊನೆಗೆ ನೌಕಾಪಡೆಯನ್ನು ಕೊನೆಯ ಕಾಳಗಕ್ಕೆ ಕಳಿಸುವ ಆಜ್ಞೆ ಬರುತ್ತದೆ. ಸೋತ ಯುದ್ಧದಲ್ಲಿ ಸಾಯಲು ಒಪ್ಪದ ನಾವಿಕರು ವಿಲ್ಹೆಲ್ಮ್ಸ್‌ಹಾವೆನ್ ಬಳಿ ಬಾಯ್ಲರಿನ ಬೆಂಕಿ ಆರಿಸುತ್ತಾರೆ. ನವೆಂಬರ್ 4ಕ್ಕೆ ಕೀಲ್ ಬಂದರು ದಂಗೆಕೋರರ ಕೈಗೆ. 7ಕ್ಕೆ ಮ್ಯೂನಿಕ್. 9ಕ್ಕೆ ಬರ್ಲಿನ್. ಅಂದು ಮಧ್ಯಾಹ್ನ ಸೋಶಿಯಲ್ ಡೆಮಾಕ್ರಟಿಕ್ ನಾಯಕ ಶೈಡೆಮನ್ ಸಂಸತ್ತಿನ ಕಟ್ಟಡದಿಂದ ಗಣರಾಜ್ಯ ಸಾರುತ್ತಾರೆ. ಸಂಜೆ ಲೀಬ್‌ಕ್ನೆಕ್ಟ್ ಅರಮನೆಯಿಂದ ಸಮಾಜವಾದಿ ಗಣರಾಜ್ಯ ಸಾರುತ್ತಾರೆ. ಒಂದೇ ದಿನ, ಒಂದೇ ಊರು, ಎರಡು ಗಣರಾಜ್ಯ.

10ನೇ ತಾರೀಕು ಬುಶ್ ಸರ್ಕಸ್ ಕಟ್ಟಡದಲ್ಲಿ ದಂಗೆಯಲ್ಲಿ ಹುಟ್ಟಿದ್ದ ಕಾರ್ಮಿಕರ ಮತ್ತು ಸೈನಿಕರ ಸಮಿತಿಗಳು ಸೇರಿ ಆರು ಜನರ ಸರ್ಕಾರಕ್ಕೆ ಒಪ್ಪಿಗೆ ಕೊಡುತ್ತವೆ. ಎಸ್‌ಪಿಡಿ ಎಂಬ ಹಳೆಯ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದಿಂದ ಮೂವರು, ಅದರಿಂದ ಒಡೆದುಬಂದ "ಸ್ವತಂತ್ರ" ಪಕ್ಷದಿಂದ ಮೂವರು. ಅದೇ ರಾತ್ರಿ ಎಸ್‌ಪಿಡಿ ನಾಯಕ ಎಬರ್ಟ್ ಅವರಿಗೆ ಜನರಲ್ ಗ್ರೋನರ್ ಫೋನ್ ಮಾಡುತ್ತಾರೆ. ಸೈನ್ಯ ನಿಮ್ಮ ಬೆನ್ನಿಗಿರುತ್ತದೆ, ನೀವು ಅಧಿಕಾರಿಗಳ ಮಾನ ಕಾಪಾಡಿ, ಬೋಲ್ಶೆವಿಕರನ್ನು, ಅಂದರೆ ರಷ್ಯಾ ಮಾದರಿಯ ಕಮ್ಯುನಿಸ್ಟರನ್ನು, ತಡೆಯಿರಿ ಎನ್ನುವುದು ಒಪ್ಪಂದ. ಕೆಳಗಿನ ಜನ ಕ್ರಾಂತಿ ಗೆದ್ದಿತು ಅಂತ ಹಾಡುತ್ತಿದ್ದ ಹೊತ್ತಿಗೆ ಮೇಲೆ ಫೋನಿನಲ್ಲಿ ಅದರ ಕಡಿವಾಣ ಬೇರೆಯವರ ಕೈಸೇರಿತ್ತು. ಈ ಫೋನ್ ಕರೆಯನ್ನು ಮೂರನೇ ಕಾಲಂನಲ್ಲಿ ಕೆಂಪು ಇಂಕಿನಲ್ಲಿ ಬರೆದುಕೊಳ್ಳಿ. ಬೀದಿಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ.

ಹೆಜ್ಜೆ 3: ಯಾಕೆ ಗೆಲ್ಲಲಿಲ್ಲ ಅನ್ನುವುದಕ್ಕೆ ಪ್ರಾಮಾಣಿಕ ಉತ್ತರ ಹುಡುಕಿ

ಇಲ್ಲಿ ಜಾಸ್ತಿ ಹೊತ್ತು ಕೂರಬೇಕು. "ದ್ರೋಹ ಮಾಡಿದರು" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಕಥೆ ಅಲ್ಲಿಗೇ ಸಾಯುತ್ತದೆ. ಎಬರ್ಟ್ ಮತ್ತು ಗ್ರೋನರ್ ನಡುವಿನ ಒಪ್ಪಂದ ನಿಜ. ಆದರೆ ಅದಕ್ಕಿಂತ ಕಷ್ಟದ ಸತ್ಯ ಬೇರೊಂದಿದೆ. ಹೆಚ್ಚಿನ ಕಾರ್ಮಿಕರಿಗೇ ಇನ್ನೊಂದು ರಷ್ಯಾ ಬೇಕಿರಲಿಲ್ಲ.

ಡಿಸೆಂಬರ್ 16ರಿಂದ 20ರವರೆಗೆ ಬರ್ಲಿನ್‌ನಲ್ಲಿ ದೇಶದ ಎಲ್ಲ ಸಮಿತಿಗಳ ಮಹಾಸಭೆ ನಡೆಯಿತು. ಪ್ರತಿನಿಧಿಗಳಲ್ಲಿ ಬಹುಮತ ಎಸ್‌ಪಿಡಿಯದು. ಲೀಬ್‌ಕ್ನೆಕ್ಟ್, ಲಕ್ಸೆಂಬರ್ಗ್ ಇಬ್ಬರೂ ಪ್ರತಿನಿಧಿಗಳಾಗಿ ಆಯ್ಕೆಯೇ ಆಗಿರಲಿಲ್ಲ. ಸಮಿತಿಗಳೇ ದೇಶ ಆಳಲಿ ಅನ್ನುವ ಸಲಹೆಯನ್ನು ಸಭೆ 344ಕ್ಕೆ 98 ಮತಗಳಿಂದ ತಳ್ಳಿಹಾಕಿತು. ಜನವರಿ 19ಕ್ಕೆ ಚುನಾವಣೆ ನಡೆಯಲಿ ಅಂತ ತೀರ್ಮಾನ ಮಾಡಿತು. ಕ್ರಾಂತಿಯ ಸಂಸ್ಥೆಯೇ ಅಧಿಕಾರ ಬಿಟ್ಟುಕೊಟ್ಟಿತು.

ಯಾಕೆ? ರಷ್ಯಾದ ಕಾರ್ಮಿಕನಿಗೂ ಜರ್ಮನಿಯ ಕಾರ್ಮಿಕನಿಗೂ ಇದ್ದ ವ್ಯತ್ಯಾಸ ಇಲ್ಲಿದೆ. 1914ರಲ್ಲಿ ಎಸ್‌ಪಿಡಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದರು. 1912ರ ಚುನಾವಣೆಯಲ್ಲಿ ಅದಕ್ಕೆ ಶೇ. 34.8 ಮತ, 110 ಸ್ಥಾನ ಸಿಕ್ಕಿದ್ದವು. ಪಕ್ಷದ ಪತ್ರಿಕೆ, ಗ್ರಂಥಾಲಯ, ಹಾಡಿನ ಸಂಘ, ಸೈಕಲ್ ಸಂಘ, ಕಾಯಿಲೆಗೆ ಸಾವಿಗೆ ಸಂಘದ ನಿಧಿ. ಲೇತ್ ಮೇಲೆ ದುಡಿಯುವ ಒಬ್ಬ ಕಾರ್ಮಿಕನ ಬದುಕು ಹುಟ್ಟಿನಿಂದ ಸಾವಿನವರೆಗೆ ಅದರೊಳಗೇ ಸಾಗುತ್ತಿತ್ತು. ಇದೆಲ್ಲ ಅವನ ಅಪ್ಪ ಕಟ್ಟಿದ್ದು. ಅದನ್ನು ಪಣಕ್ಕಿಡು ಅಂದರೆ ಅವನು ಯೋಚನೆ ಮಾಡುತ್ತಾನೆ, ಅಲ್ವಾ? ನವೆಂಬರ್ 15ಕ್ಕೆ ಉದ್ಯಮಿ ಸ್ಟಿನ್ನೆಸ್ ಮತ್ತು ಕಾರ್ಮಿಕ ನಾಯಕ ಲೀಗಿನ್ ಸಹಿ ಹಾಕಿದ ಒಪ್ಪಂದದಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸವೂ ಬಂತು. ಮೂವತ್ತು ವರ್ಷ ಕೇಳಿದ್ದು ಒಂದು ವಾರದಲ್ಲಿ ಸಿಕ್ಕಿತು. ಇನ್ನು ಬಂದೂಕು ಯಾಕೆ ಅಂತ ಅನ್ನಿಸಿದ್ದರೆ ಅದು ಸಹಜ.

ಹಾಗಾಗಿ ಕೈಗಾರಿಕಾ ದೇಶದ ಕ್ರಾಂತಿಯ ಕಥೆಗೆ ನಡುಗಂಬ ಯಾವುದು ಅಂದರೆ, ಈ ಮನುಷ್ಯ ತನ್ನ ಪಕ್ಷದ ಮೇಲಿನ ನಂಬಿಕೆ ಕಳೆದುಕೊಳ್ಳುವ ಕ್ಷಣ. ಅದು ಯಾವಾಗ ಬರುತ್ತದೆ ಅಂತ ನೀವು ಹುಡುಕಬೇಕು. ನಿಜದ ಇತಿಹಾಸದಲ್ಲೂ ಅದು ಬಂತು, ತಡವಾಗಿ. 1919ರ ಜನವರಿಯಲ್ಲಿ ಎಸ್‌ಪಿಡಿಗೆ ಶೇ. 37.9, ಸ್ವತಂತ್ರರಿಗೆ ಶೇ. 7.6 ಮತ. 1920ರ ಜೂನ್‌ನಲ್ಲಿ ಸ್ವತಂತ್ರರು ಶೇ. 17.9ಕ್ಕೆ ಏರಿದರು, ಎಸ್‌ಪಿಡಿ ಸುಮಾರು ಶೇ. 22ಕ್ಕೆ ಕುಸಿಯಿತು. ಹದಿನೇಳು ತಿಂಗಳಲ್ಲಿ ಅಷ್ಟು ಜನ ಮನಸ್ಸು ಬದಲಿಸಿದರು. ಅಷ್ಟು ಹೊತ್ತಿಗೆ ಹೋರಾಟ ಕಟ್ಟುವ ಎಷ್ಟೋ ಜನ ಸತ್ತಿದ್ದರು.

ಹೆಜ್ಜೆ 4: ಒಂದೇ ಒಂದು ಕೀಲು ತಿರುಗಿಸಿ

ಪರ್ಯಾಯ ಇತಿಹಾಸದಲ್ಲಿ ನಿಮಗೆ ಒಂದು ಸಂಗತಿ ಬದಲಿಸುವ ಅವಕಾಶ ಮಾತ್ರ ಇದೆ ಅಂದುಕೊಳ್ಳಿ. ಅದು ಚಿಕ್ಕದಾಗಿರಬೇಕು. ಆಗಬಹುದಿತ್ತು ಅಂತ ಓದುಗರಿಗೆ ಅನ್ನಿಸಬೇಕು. ಉಳಿದದ್ದೆಲ್ಲ ಅದರಿಂದ ತಾನಾಗಿ ಹುಟ್ಟಬೇಕು.

ಮೊದಲು ನೆನಪಾಗುವ ಕೀಲು ಜನವರಿ 15, ಆ ಎರಡು ಕೊಲೆ. ರೋಸಾ ಉಳಿದರು ಅಂತಲೇ ಇಟ್ಟುಕೊಳ್ಳಿ. ದಂಗೆ ಆಗಲೇ ಸೋತಿರುತ್ತದೆ. ಎರಡನೆಯದು ಜನವರಿ 6. ಅಂದು ನಾಯಕರು ಧೈರ್ಯ ಮಾಡಿ ಬರ್ಲಿನ್ ಹಿಡಿದರು ಅನ್ನಿ. ದೇಶ ಹಿಂದೆ ಬರುತ್ತದಾ? ಮೂರು ವಾರದ ಹಿಂದಷ್ಟೇ 344ಕ್ಕೆ 98 ಅಂತ ಮತ ಹಾಕಿದ ದೇಶ ಅದು. 1871ರಲ್ಲಿ ಪ್ಯಾರಿಸ್ ಜನ ದಂಗೆ ಎದ್ದು ನಡೆಸಿದ ಸರ್ಕಾರ, ಪ್ಯಾರಿಸ್ ಕಮ್ಯೂನ್, 72 ದಿನ ಬಾಳಿತು. 1919ರ ಜನವರಿ 10ಕ್ಕೆ ಎದ್ದ ಬ್ರೇಮೆನ್ ಸಮಿತಿ ಗಣರಾಜ್ಯ ಫೆಬ್ರವರಿ 4ಕ್ಕೆ ಬಿತ್ತು. ಒಂಟಿ ಊರುಗಳ ಗತಿ ಇದು. ನಾನೂ ಮೊದಲ ಸಲ ಜನವರಿ 6ರಿಂದಲೇ ಬರೆಯಲು ಕೂತಿದ್ದೆ. ಹತ್ತನೇ ಪುಟಕ್ಕೆ ಬರ್ಲಿನ್ನಿಗೆ ಕಲ್ಲಿದ್ದಲು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಎದ್ದಿತು. ಉತ್ತರ ಸಿಗಲಿಲ್ಲ. ಬಿಟ್ಟುಬಿಟ್ಟೆ.

ಈಗ ನಾನು ಆರಿಸಿಕೊಂಡಿರುವ ಕೀಲು ವರ್ಷದ ಕೊನೆಯ ಎರಡು ದಿನಗಳಲ್ಲಿದೆ. ಡಿಸೆಂಬರ್ 30ರಿಂದ ಜನವರಿ 1ರವರೆಗೆ ಬರ್ಲಿನ್‌ನಲ್ಲಿ ಜರ್ಮನ್ ಕಮ್ಯುನಿಸ್ಟ್ ಪಕ್ಷ ಹುಟ್ಟಿತು. ಚುನಾವಣೆಯಲ್ಲಿ ಭಾಗವಹಿಸಬೇಕು ಅಂತ ರೋಸಾ ವಾದಿಸಿದರು. ಆತುರದ ತರುಣರೇ ತುಂಬಿದ್ದ ಸಭೆ 62ಕ್ಕೆ 23 ಮತಗಳಿಂದ ಬಹಿಷ್ಕಾರಕ್ಕೆ ಹೋಯಿತು. ಇನ್ನೊಂದು ಕಡೆ ರಿಚರ್ಡ್ ಮ್ಯುಲ್ಲರ್ ಅವರ ಗುಂಪಿತ್ತು. ಇವರು ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಲೋಹ ಕಾರ್ಮಿಕ. ಬರ್ಲಿನ್‌ನ ದೊಡ್ಡ ಕಾರ್ಖಾನೆಗಳ ಪ್ರತಿನಿಧಿಗಳ ಗುಪ್ತ ಜಾಲ ಇವರದು. 1918ರ ಜನವರಿಯಲ್ಲಿ ಯುದ್ಧದ ನಡುವೆಯೇ ಲಕ್ಷಾಂತರ ಜನರನ್ನು ಮುಷ್ಕರಕ್ಕೆ ಇಳಿಸಿದವರು ಇವರೇ. ಹೊಸ ಪಕ್ಷ ಇವರ ಜೊತೆ ಮಾತುಕತೆ ನಡೆಸಿತು. ಬಹಿಷ್ಕಾರ ಬಿಡಿ, ಸಮಪಾಲು ಕೊಡಿ, ಬೀದಿಯ ಆತುರ ನಿಲ್ಲಿಸಿ ಅಂತ ಇವರು ಕೇಳಿದರು. ಮಾತು ಮುರಿಯಿತು. ಹೀಗೆ ಹೆಸರು ಇದ್ದವರ ಹತ್ತಿರ ಕಾರ್ಖಾನೆ ಇರಲಿಲ್ಲ, ಕಾರ್ಖಾನೆ ಇದ್ದವರ ಹತ್ತಿರ ಪಕ್ಷ ಇರಲಿಲ್ಲ.

ನಿಜದಲ್ಲಿ ಬಹಿಷ್ಕಾರದ ಮತ ಮೊದಲು ಬಿತ್ತು, ಮಾತುಕತೆ ಆಮೇಲೆ. ಈ ಕ್ರಮವನ್ನು ತಿರುಗಿಸಿ. ಕಾರ್ಖಾನೆ ಪ್ರತಿನಿಧಿಗಳ ಜೊತೆ ಮಾತುಕತೆ ಒಂದು ವಾರ ಮುಂಚೆ ಮುಗಿಯಲಿ, ಅವರು ಆ ಸಭೆಯಲ್ಲೇ ಕೂತಿರಲಿ. 62ಕ್ಕೆ 23 ಅನ್ನುವುದು ಆಗ ನಿಲ್ಲುವುದಿಲ್ಲ. ಇಷ್ಟೇ ಬದಲಾವಣೆ. ಒಂದು ಸಭೆ ಒಂದು ವಾರ ಹಿಂದಕ್ಕೆ.

ಇದರಿಂದ ಏನಾಗುತ್ತದೆ ನೋಡಿ. ಜನವರಿ 4ಕ್ಕೆ ಸ್ವತಂತ್ರ ಪಕ್ಷದವರಾದ ಬರ್ಲಿನ್ ಪೊಲೀಸ್ ಮುಖ್ಯಸ್ಥ ಐಖ್‌ಹಾರ್ನ್ ಅವರನ್ನು ತೆಗೆದುಹಾಕುತ್ತಾರೆ. ಇದು ನಿಜದಲ್ಲೂ ಆಯಿತು. ಅದನ್ನು ವಿರೋಧಿಸಿ ಮರುದಿನ ದೊಡ್ಡ ಮೆರವಣಿಗೆ, ಅದೂ ನಿಜ. ಸರ್ಕಾರವನ್ನೇ ಕೆಡವೋಣ ಅನ್ನುವ ಮಾತು ಆ ರಾತ್ರಿ ಎದ್ದಾಗ ಮ್ಯುಲ್ಲರ್ ಮತ್ತು ಅವರ ಸಂಗಡಿಗ ಡಾಯ್ಮಿಗ್ ಬೇಡ ಅಂದಿದ್ದರು. ನಿಜದಲ್ಲಿ ಅವರ ಮಾತು ಸೋತಿತು. ನಿಮ್ಮ ಕಥೆಯಲ್ಲಿ ಅವರ ಹಿಂದೆ ಪಕ್ಷವಿದೆ. ಮೆರವಣಿಗೆ ನಡೆಯುತ್ತದೆ, ಜನ ಸಂಜೆ ಮನೆಗೆ ಹೋಗುತ್ತಾರೆ, ಯಾರೂ ಸಾಯುವುದಿಲ್ಲ. ಚುನಾವಣೆಯಲ್ಲಿ ಎಸ್‌ಪಿಡಿಯೇ ಗೆಲ್ಲುತ್ತದೆ. ಗೆಲ್ಲಲಿ ಬಿಡಿ. ಅದನ್ನು ಬದಲಿಸುವ ಆಸೆ ಬೇಡ.

ಹೆಜ್ಜೆ 5: ನಿಜದ ಘಟನೆಗಳನ್ನೇ ಬೇರೆ ಸಮಯಕ್ಕೆ ಜೋಡಿಸಿ

1919ರ ಫೆಬ್ರವರಿ, ಮಾರ್ಚ್ ತಿಂಗಳ ಬಗ್ಗೆ ಕಡಿಮೆ ಜನ ಓದಿರುತ್ತಾರೆ. ಕಥೆಯ ಎದೆಬಡಿತ ಇರುವುದು ಅಲ್ಲಿ. ಡಿಸೆಂಬರಿನ ಮಹಾಸಭೆ ಅಧಿಕಾರ ಬಿಟ್ಟುಕೊಟ್ಟಿದ್ದರೂ ಎರಡು ಬೇಡಿಕೆಗೆ ಒಪ್ಪಿಗೆ ಕೊಟ್ಟಿತ್ತು. ಸೈನ್ಯದ ಮೇಲಿನ ಅಧಿಕಾರ ಸಮಿತಿಗಳಿಗೆ ಬರಬೇಕು, ಅಧಿಕಾರಿಗಳ ಭುಜದ ಪಟ್ಟಿ ಹೋಗಬೇಕು ಅನ್ನುವುದು ಒಂದು. ಗಣಿಯಂಥ ದೊಡ್ಡ ಉದ್ಯಮಗಳು ಸಮಾಜದ ಆಸ್ತಿಯಾಗಬೇಕು ಅನ್ನುವುದು ಇನ್ನೊಂದು. ಎಸ್‌ಪಿಡಿ ಪ್ರತಿನಿಧಿಗಳೇ ಕೈ ಎತ್ತಿದ್ದರು. ಸರ್ಕಾರ ಎರಡನ್ನೂ ಮಾಡಲಿಲ್ಲ. ನಂಬಿಕೆ ಮುರಿದದ್ದು ಇಲ್ಲಿ.

ಫೆಬ್ರವರಿ ನಡುವಿಗೆ ಎಸ್ಸೆನ್ ಸುತ್ತಲಿನ ರೂರ್ ಸೀಮೆಯ ಕಲ್ಲಿದ್ದಲು ಗಣಿಗಳು ನಿಂತವು. ಅಲ್ಲಿ ಮುಷ್ಕರ ಮುಗಿದ ಮೇಲೆ, 24ನೇ ತಾರೀಕು, ಹಾಲೆ ಸುತ್ತಲಿನ ಮಧ್ಯ ಜರ್ಮನಿ ನಿಂತಿತು. ಆ ಭಾಗದ ನಡುವೆಯೇ ವೈಮಾರ್ ಇದೆ, ಹೊಸ ಸಂಸತ್ತು ಕೂತಿದ್ದ ಊರು. ರೈಲು ನಿಂತು ಸರ್ಕಾರವೇ ಒಂಟಿಯಾಯಿತು. ಮಾರ್ಚ್ 1ಕ್ಕೆ ಸೈನ್ಯ ಹಾಲೆಗೆ ನುಗ್ಗಿತು. ಆಮೇಲೆ, ಮಾರ್ಚ್ 3ಕ್ಕೆ, ಬರ್ಲಿನ್ ನಿಂತಿತು. ಬರ್ಲಿನ್‌ನಲ್ಲಿ ಸುಮಾರು 1,200 ಜನ ಸತ್ತರು. ಮೂರು ಅಲೆ, ಮೂರು ಬೇರೆ ಬೇರೆ ವಾರ. ಫ್ರೈಕೋರ್ ಎಂಬ ಸ್ವಯಂಸೇವಕ ಪಡೆಗಳು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದವು. ಹೋದದ್ದು ರೈಲಿನಲ್ಲಿ.

ಮೂರೂ ಒಂದೇ ದಿನ ಎದ್ದಿದ್ದರೆ? ಎಬ್ಬಿಸುವುದಕ್ಕೆ ಒಂದು ಸಂಘಟನೆ ಬೇಕಿತ್ತು. ನಿಮ್ಮ ಕಥೆಯಲ್ಲಿ ಅದು ಡಿಸೆಂಬರ್ 31ಕ್ಕೇ ಹುಟ್ಟಿದೆ. ಇಂಥ ಮುಷ್ಕರಕ್ಕೆ ಸೈನ್ಯವನ್ನು ನಿಲ್ಲಿಸುವ ಶಕ್ತಿ ಇದೆಯಾ ಅನ್ನುವ ಅನುಮಾನಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. 1920ರ ಮಾರ್ಚ್‌ನಲ್ಲಿ ಕಾಪ್ ಎಂಬಾತ ಸೈನ್ಯದ ಬಲದಿಂದ ಬರ್ಲಿನ್ ಹಿಡಿದಾಗ ಸುಮಾರು 1.2 ಕೋಟಿ ಜನ ಕೆಲಸ ನಿಲ್ಲಿಸಿದರು. ಕೆಲವೇ ದಿನದಲ್ಲಿ ಆತ ಓಡಿಹೋದ.

ಒಂದು ಎಚ್ಚರ. 1919ರ ಮಾರ್ಚ್‌ನಲ್ಲಿ ಬರ್ಲಿನ್ ಮುಷ್ಕರ ಒಡೆದದ್ದು ನೀರಿನ ವಿಷಯಕ್ಕೆ. ನೀರು, ಗ್ಯಾಸು, ಕರೆಂಟು ಕೂಡ ನಿಲ್ಲಿಸೋಣ ಅಂತ ಒಂದು ಗುಂಪು ಹಟ ಹಿಡಿಯಿತು. ಎಸ್‌ಪಿಡಿ ಕಡೆಯ ಸಂಘಗಳು ಹೊರನಡೆದವು. ನಿಮ್ಮ ಕಥೆಯಲ್ಲೂ ಈ ಜಗಳ ಬರಲೇಬೇಕು. ಆಸ್ಪತ್ರೆಯಲ್ಲಿ ಮಲಗಿದ ಮಗುವಿಗೆ ನೀರು ನಿಲ್ಲಿಸುವ ಕ್ರಾಂತಿಯ ಜೊತೆ ಆ ಮಗುವಿನ ಅಪ್ಪ ನಿಲ್ಲುವುದಿಲ್ಲ. ಇದನ್ನು ನಾಯಕರು ಅರ್ಥ ಮಾಡಿಕೊಂಡರಾ ಇಲ್ಲವಾ ಅನ್ನುವುದರ ಮೇಲೆ ನಿಮ್ಮ ಕಥೆ ನಿಂತಿದೆ.

ಹೆಜ್ಜೆ 6: ಗೆದ್ದ ಮರುದಿನ ಬೆಳಿಗ್ಗೆ ತಿಂಡಿಗೆ ಏನು?

ಹೆಚ್ಚಿನ ಕಥೆಗಳು ಕೆಂಪು ಬಾವುಟ ಏರಿದ ಕೂಡಲೇ ಮುಗಿಯುತ್ತವೆ. ನೀವು ಅಲ್ಲಿಂದ ನಿಧಾನ ಮಾಡಿ.

ಬರ್ಲಿನ್ ಮತ್ತು ಸುತ್ತಲಿನ ಊರು ಸೇರಿದರೆ ಆಗ ಸುಮಾರು 38 ಲಕ್ಷ ಜನ. ಯುದ್ಧಕ್ಕೆ ಮುಂಚೆಯೇ ಜರ್ಮನಿ ತನ್ನ ಆಹಾರದಲ್ಲಿ ದೊಡ್ಡ ಪಾಲನ್ನು ಹೊರಗಿನಿಂದ ತರಿಸುತ್ತಿತ್ತು. 1916–17ರ ಚಳಿಗಾಲದಲ್ಲಿ ಆಲೂಗಡ್ಡೆಯೂ ಸಿಗದೆ ಜನ ದನಕ್ಕೆ ಹಾಕುವ ಗೆಡ್ಡೆ ತಿಂದಿದ್ದರು. ಕದನವಿರಾಮವಾದ ಮೇಲೂ ಮಿತ್ರರಾಷ್ಟ್ರಗಳು ಸಮುದ್ರದ ತಡೆ ತೆಗೆಯಲಿಲ್ಲ. 1919ರ ಜುಲೈವರೆಗೂ ಅದು ಪೂರ್ತಿ ಹೋಗಲಿಲ್ಲ. ಮಾರ್ಚ್ ಕೊನೆಯಿಂದ ಆಹಾರದ ಹಡಗು ಬರತೊಡಗಿದವು. ಕೆಂಪು ಸರ್ಕಾರಕ್ಕೆ ಆ ಹಡಗು ಬರುತ್ತವಾ? ಖಂಡಿತ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅದೇ ವರ್ಷ ವಿಯೆನ್ನಾದಲ್ಲಿ, ಗಲಾಟೆಯಾದರೆ ಆಹಾರ ನಿಲ್ಲುತ್ತದೆ ಅಂತ ಆಹಾರ ನೆರವು ನೋಡಿಕೊಳ್ಳುತ್ತಿದ್ದ ಅಮೆರಿಕದ ಹೂವರ್ ಎಚ್ಚರಿಸಿದ್ದರು.

ರಷ್ಯಾ ಧಾನ್ಯ ಕಳಿಸುತ್ತದೆ ಅಂತ ಬರೆಯಬೇಡಿ. ಈ ತಪ್ಪು ನಾನು ಎಷ್ಟೋ ಕಡೆ ನೋಡಿದ್ದೇನೆ. 1918ರ ನವೆಂಬರಿನಲ್ಲಿ ಮಾಸ್ಕೋ ಎರಡು ರೈಲು ಧಾನ್ಯ ಕೊಡುತ್ತೇವೆ ಅಂದಿತ್ತು, ಬರ್ಲಿನ್ ಬೇಡ ಅಂದಿತು. ಎರಡು ರೈಲು! ರಷ್ಯಾದ ಊರುಗಳೇ ಹಸಿದಿದ್ದವು, ನಡುವೆ ಪೋಲೆಂಡ್ ಎದ್ದು ನಿಂತಿತ್ತು.

ಉಳಿಯುವುದು ಎಲ್ಬೆ ನದಿಯ ಪೂರ್ವಕ್ಕಿದ್ದ ಜಮೀನ್ದಾರರ ಹೊಲ. ರೈ ಧಾನ್ಯ, ಆಲೂಗಡ್ಡೆ ಬೆಳೆಯುವ ಸೀಮೆ. ಅದನ್ನು ಕೂಲಿಗಳಿಗೆ ಹಂಚುವುದಾ, ಹಾಗೇ ಇಟ್ಟು ಸರ್ಕಾರವೇ ನಡೆಸುವುದಾ? 1919ರಲ್ಲಿ ಹಂಗೇರಿಯಲ್ಲಿ ಬೇಲಾ ಕುನ್ ಅವರ ಕಮ್ಯುನಿಸ್ಟ್ ಸರ್ಕಾರ ದೊಡ್ಡ ಜಮೀನನ್ನು ಹಂಚದೆ ಸರ್ಕಾರಕ್ಕೆ ಸೇರಿಸಿತು. ಹಳ್ಳಿಗಳು ಕೈಬಿಟ್ಟವು. ಆ ಸರ್ಕಾರ ಬಾಳಿದ್ದು 133 ದಿನ. ಹಂಚಿದರೆ ರೈತ ನಿಮ್ಮವನಾಗುತ್ತಾನೆ, ಆದರೆ ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ, ಊರಿಗೆ ಕಡಿಮೆ ಬರುತ್ತದೆ. ಇಲ್ಲಿ ಸುಲಭದ ಉತ್ತರ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿ, ಅದರ ಬೆಲೆಯನ್ನು ಪಾತ್ರಗಳಿಂದ ಕಟ್ಟಿಸಿ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಹೂ ಮುಡಿಸುವ ಘೋಷಣೆಗಳನ್ನು ಕಥೆಯಲ್ಲಿ ಆದಷ್ಟು ಕಡಿಮೆ ಮಾಡಿ.

ರೈಲಿನ ಲೆಕ್ಕವೂ ಬೇಕು. ಕದನವಿರಾಮದ ಷರತ್ತಿನಲ್ಲಿ 5,000 ಎಂಜಿನ್, 1,50,000 ವ್ಯಾಗನ್ ಒಪ್ಪಿಸಬೇಕಿತ್ತು. ಇದ್ದದ್ದೂ ಸವೆದಿತ್ತು. ಇನ್ನು ರೈನ್ ನದಿಯ ಎಡದಂಡೆ ಮಿತ್ರರಾಷ್ಟ್ರಗಳ ಸೈನ್ಯದ ಕೈಯಲ್ಲಿದೆ. ಕಲೋನ್, ಕೊಬ್ಲೆಂಜ್, ಮೈಂಜ್ ಸೇತುವೆಗಳೂ ಅವರವೇ. ರೂರ್ ಗಣಿಗಳು ಕೂಗಳತೆಯಲ್ಲಿವೆ. ನಿಜದಲ್ಲಿ ಫ್ರೆಂಚರು ರೂರ್‌ಗೆ ನುಗ್ಗಿದ್ದು 1923ರಲ್ಲಿ. ಕೆಂಪು ಜರ್ಮನಿ ಇದ್ದಿದ್ದರೆ 1919ರಲ್ಲೇ ನುಗ್ಗುತ್ತಿದ್ದರು ಅಂತ ನನ್ನ ಅಂದಾಜು. ಆದರೆ ಅವರ ಸೈನಿಕರೂ ದಣಿದಿದ್ದರು ಅನ್ನುವುದನ್ನು ಮರೆಯಬೇಡಿ. ಆ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಫ್ರೆಂಚ್ ನಾವಿಕರೇ ದಂಗೆ ಎದ್ದಿದ್ದರು. ಬ್ರಿಟಿಷ್ ಸೈನಿಕರು ಮನೆಗೆ ಕಳಿಸಿ ಅಂತ ಜನವರಿಯಲ್ಲೇ ಪ್ರತಿಭಟಿಸಿದ್ದರು.

ಹೆಜ್ಜೆ 7: ಮನುಷ್ಯರನ್ನು ಮನುಷ್ಯರಾಗಿಯೇ ಇಡಿ

ರೋಸಾ ಅವರ ಮೇಲೆ ನನಗೆ ತುಂಬ ಗೌರವವಿದೆ. ಅದಕ್ಕೇ ಹೇಳುತ್ತೇನೆ, ಅವರನ್ನು ದೇವಿ ಮಾಡಬೇಡಿ. 1918ರಲ್ಲಿ ಜೈಲಿನಲ್ಲಿದ್ದಾಗ ಅವರು ರಷ್ಯಾದ ಬೋಲ್ಶೆವಿಕರನ್ನು ಟೀಕಿಸಿ ಬರೆದರು. ಬೇರೆ ಯೋಚನೆ ಮಾಡುವವರಿಗೂ ಸ್ವಾತಂತ್ರ್ಯ ಇರಬೇಕು ಅನ್ನುವುದು ಅವರ ನಿಲುವು. ಅದು ಅಚ್ಚಾದದ್ದು ಅವರು ಸತ್ತ ಮೇಲೆ, 1922ರಲ್ಲಿ. ನಿಮ್ಮ ಕಥೆಯಲ್ಲಿ ಅವರು ಬದುಕಿದ್ದಾರೆ, ಅಧಿಕಾರದ ಹತ್ತಿರ ಇದ್ದಾರೆ. ಎಸ್‌ಪಿಡಿಯ ಪತ್ರಿಕೆ "ಫೋರ್‌ವೆರ್ಟ್ಸ್" ದಿನಾ ಹೊಸ ಸರ್ಕಾರವನ್ನು ಬಯ್ಯುತ್ತಿದೆ. ಊರಿನಲ್ಲಿ ಬ್ರೆಡ್ಡಿಲ್ಲ. ಪತ್ರಿಕೆ ಮುಚ್ಚುವ ಆದೇಶ ಅವರ ಮೇಜಿನ ಮೇಲಿದೆ. ಸಹಿ ಹಾಕುತ್ತಾರಾ? ಈ ಒಂದು ದೃಶ್ಯಕ್ಕೆ ಒಂದು ಅಧ್ಯಾಯವನ್ನೇ ಕೊಡಿ.

ಹೆಂಗಸರನ್ನು ಬಿಟ್ಟರೆ ಕಥೆ ಅರ್ಧ. ಯುದ್ಧದ ನಾಲ್ಕು ವರ್ಷ ಗುಂಡು ಮದ್ದಿನ ಕಾರ್ಖಾನೆ, ಟ್ರಾಮು ನಡೆಸಿದವರು ಅವರು. ಗಂಡಸರು ಮರಳಿದ ಕೂಡಲೇ ಕೆಲಸ ಬಿಟ್ಟು ಮನೆಗೆ ಹೋಗಿ ಅಂದರು. ಸಮಿತಿಗಳಲ್ಲೂ ಅವರು ಬಹಳ ಕಡಿಮೆ ಇದ್ದರು. ಅದೇ ಜನವರಿಯಲ್ಲಿ ದೇಶದ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಿದ ಈ ಹೆಂಗಸರಿಗೆ, ಸಂಸತ್ತನ್ನು ಬದಿಗಿಟ್ಟು ಸಮಿತಿಗೆ ಅಧಿಕಾರ ಕೊಡಿ ಅಂದರೆ ಹೇಗನ್ನಿಸುತ್ತದೆ?

ಕನ್ನಡದಲ್ಲಿ ಬರೆಯುವಾಗ ನಮಗೊಂದು ಅನುಕೂಲ ಇದೆ. ಜರ್ಮನ್ನರಂತೆ ನಮ್ಮಲ್ಲೂ ನೀನು, ನೀವು ಎರಡೂ ಇವೆ. ಒಂದೇ ಪಕ್ಷದ ಸಂಗಾತಿಗಳು ಪರಸ್ಪರ ನೀನು ಅನ್ನುತ್ತಿದ್ದರು. ಇಪ್ಪತ್ತು ವರ್ಷ "ನೀನು" ಅಂದುಕೊಂಡ ಇಬ್ಬರು ಲೇತ್ ಕಾರ್ಮಿಕರು, ಪಕ್ಷ ಒಡೆದ ಮೇಲೆ ಒಂದು ಬೆಳಿಗ್ಗೆ "ನೀವು" ಅಂತ ಮಾತು ಶುರು ಮಾಡಲಿ. ಪುಟಗಟ್ಟಲೆ ವಿವರಣೆ ಬೇಕಾಗುವುದಿಲ್ಲ. "ಕಾಮ್ರೇಡ್" ಮತ್ತು "ಸಂಗಾತಿ" ಎರಡೂ ಕನ್ನಡದ ಎಡಪಂಥೀಯರ ಬಾಯಲ್ಲಿ ಇರುವ ಪದಗಳೇ. ಒಂದನ್ನು ಆರಿಸಿ ಕೊನೆವರೆಗೂ ಅದನ್ನೇ ಬಳಸಿ.

ಹೆಜ್ಜೆ 8: ಅಲೆ ಎಲ್ಲಿಯವರೆಗೆ ಹೋಗುತ್ತದೆ?

ಹಿಟ್ಲರ್ ಬರುವುದಿಲ್ಲ, ಎರಡನೇ ಮಹಾಯುದ್ಧ ಇಲ್ಲ, ಎಲ್ಲ ಸುಖ ಅಂತ ಒಂದೇ ಜಿಗಿತ ಜಿಗಿಯಬೇಡಿ. ಸೋತ ಅಧಿಕಾರಿಗಳು, ಹೆದರಿದ ಅಂಗಡಿಯವರು, ಆಸ್ತಿ ಕಳೆದುಕೊಂಡವರು ಎಲ್ಲೂ ಹೋಗುವುದಿಲ್ಲ. ಅವರ ಸಿಟ್ಟಿಗೆ ಬೇರೊಬ್ಬ ಸಿಗಬಹುದು. ಹತ್ತು ವರ್ಷಕ್ಕೆ ಒಂದು ಹೆಜ್ಜೆ ಅನ್ನುವ ಲೆಕ್ಕದಲ್ಲಿ ಹೋಗಿ. ನನಗೆ ಹೆಚ್ಚು ಕುತೂಹಲ ಇರುವುದು ಮಾಸ್ಕೋ ಬಗ್ಗೆ. 1919ರ ಮಾರ್ಚ್‌ನಲ್ಲಿ ಕಮ್ಯುನಿಸ್ಟ್ ಅಂತರರಾಷ್ಟ್ರೀಯ ಸಂಘ ಹುಟ್ಟಿದಾಗ ಜರ್ಮನಿಯ ಪ್ರತಿನಿಧಿ ಇದು ಅವಸರ ಅಂದಿದ್ದರು. ಬರ್ಲಿನ್ ಗೆದ್ದಿದ್ದರೆ ಆ ಸಂಘದ ಕೇಂದ್ರ ಎಲ್ಲಿರುತ್ತಿತ್ತು? ಒಂಟಿಯಾಗಿರದ ರಷ್ಯಾದಲ್ಲಿ ಸ್ಟಾಲಿನ್ ಮೇಲೆ ಬರುತ್ತಿದ್ದರಾ?

ಈ ಅಲೆ ನಮ್ಮ ಕಡೆಗೂ ಬರುತ್ತದೆ. ವೀರೇಂದ್ರನಾಥ ಚಟ್ಟೋಪಾಧ್ಯಾಯ ಯುದ್ಧಕಾಲದಲ್ಲಿ ಬರ್ಲಿನ್‌ನಲ್ಲಿ ಭಾರತದ ಸ್ವಾತಂತ್ರ್ಯಕ್ಕೆ ಕೆಲಸ ಮಾಡುತ್ತಿದ್ದರು. ಭಾರತದ ಕಮ್ಯುನಿಸ್ಟ್ ನಾಯಕ ಎಂ. ಎನ್. ರಾಯ್ ಮಾಸ್ಕೋಗೆ ಹೋಗುವ ದಾರಿಯಲ್ಲಿ ಅಲ್ಲಿ ಉಳಿದಿದ್ದರು. ರಾಮಮನೋಹರ ಲೋಹಿಯಾ 1929ರ ಹೊತ್ತಿಗೆ ಬರ್ಲಿನ್‌ಗೆ ಓದಲು ಹೋದರು. ಕಮ್ಯುನಿಸ್ಟರು, ಎಸ್‌ಪಿಡಿಯವರು ಕಚ್ಚಾಡುತ್ತಿದ್ದಾಗ ನಾಜಿಗಳು ಬೆಳೆದದ್ದನ್ನು ಕಣ್ಣಾರೆ ನೋಡಿ 1933ರಲ್ಲಿ ಮರಳಿದರು. 1951ರಲ್ಲಿ ಇದೇ ಲೋಹಿಯಾ ಸಾಗರದ ಹತ್ತಿರದ ಕಾಗೋಡಿಗೆ ಬಂದು ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನವಾದರು. ಶಾಂತವೇರಿ ಗೋಪಾಲಗೌಡರ ರಾಜಕೀಯದ ಬೇರು ಅಲ್ಲಿದೆ. ಬರ್ಲಿನ್ ಬೇರೆಯಾಗಿದ್ದರೆ ಲೋಹಿಯಾ ನೋಡುವ ಬರ್ಲಿನ್ ಬೇರೆ. ಮಲೆನಾಡಿಗೆ ಬರುವ ಸಮಾಜವಾದವೂ ಬೇರೆ ಇರಬಹುದಿತ್ತು. ಈ ಎಳೆ ಹಿಡಿದು ಬರೆಯುವವರು ಕನ್ನಡದಲ್ಲೇ ಹುಟ್ಟಬೇಕು ಅಂತ ನನ್ನ ಆಸೆ.

ಹೆಜ್ಜೆ 9: ಬರೆಯಲು ಶುರು ಮಾಡಿ

ಕರಡನ್ನು ನಿಮ್ಮ ರಾಜಕೀಯ ಒಪ್ಪದ ಒಬ್ಬ ಗೆಳೆಯರಿಗೆ ಕೊಡಿ. ಪ್ರತಿ ತಿರುವಿನಲ್ಲಿ "ಯಾಕೆ?" ಅಂತ ಕೇಳಲು ಹೇಳಿ. ಮೂರು ಸಲ ಕೇಳಿದಾಗಲೂ ಉತ್ತರ ಇದ್ದರೆ ಆ ತಿರುವು ಇರಲಿ. ಮೊದಲ ದೃಶ್ಯವನ್ನು ನಾಯಕರಿಂದ ಶುರು ಮಾಡಬೇಡಿ. ನನ್ನ ಕಥೆ ಶುರುವಾಗುವುದು ಹೀಗೆ:

ಫೆಬ್ರವರಿ 28ರ ರಾತ್ರಿ. ಹಾಲೆ ಊರಿನ ಹೊರಗೆ ಒಂದು ಸಿಗ್ನಲ್ ಕ್ಯಾಬಿನ್. ಒಳಗಿರುವವನಿಗೆ ಐವತ್ತು ವರ್ಷ, ಇಪ್ಪತ್ತೆರಡು ವರ್ಷದಿಂದ ಎಸ್‌ಪಿಡಿ ಸದಸ್ಯ. ಮಗ ವೆರ್ಡನ್‌ನಿಂದ ಮರಳಲಿಲ್ಲ. ಪಕ್ಷದ ಚೀಟಿ ಇನ್ನೂ ಜೇಬಿನಲ್ಲಿದೆ. ಸೈನಿಕರು ತುಂಬಿದ ರೈಲು ಬರುತ್ತಿದೆ, ದಾರಿ ಕೊಡು ಅಂತ ಫೋನ್ ಬಂದಿದೆ. ಲಿವರ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾನೆ. ನಮ್ಮ ಸರ್ಕಾರವೇ ಕಳಿಸಿದ ರೈಲು ತಾನೇ ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಟೆಲಿಗ್ರಾಫ್ ಟಕಟಕ ಅನ್ನುತ್ತದೆ. ಕಾಗದದ ಪಟ್ಟಿ ಎಳೆದು ದೀಪದ ಹತ್ತಿರ ಹಿಡಿಯುತ್ತಾನೆ. ಎಸ್ಸೆನ್ ನಿಂತಿದೆ. ಬರ್ಲಿನ್ ನಿಂತಿದೆ. ನೀವು?

ಅವನು ಲಿವರ್‌ನಿಂದ ಕೈ ತೆಗೆದು, ಕೋಟು ಹಾಕಿಕೊಂಡು, ಕ್ಯಾಬಿನ್ನಿನ ದೀಪ ಸಣ್ಣ ಮಾಡುತ್ತಾನೆ. ದೂರದಲ್ಲಿ ರೈಲು ಕೂಗುತ್ತದೆ.